ನಿಮ್ಮ ಜಮೀನಿನಡಿಯ ನೀರು ನಿಮ್ಮದು, ಕಲ್ಲು ಯಾರದ್ದು?

ಸಿದ್ದಾಪುರ ತಾಲೂಕಿನ ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ 1961ರ ಒಂದು ಕ್ರಯಪತ್ರ ಇದೆ. ಅಜ್ಜ ತೋಟ ಮತ್ತು ಅದರ ಹಿಂದಿನ ಬ್ಯಾಣ ಕೊಂಡಾಗಿನದು. ಅದರಲ್ಲಿ ಹಳೆಯ ಪತ್ರಗಳಲ್ಲೆಲ್ಲ ಸಿಗುವ ಆ ಒಂದು ಸಾಲು ಇದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ತೇಜಸ್ವಾಮ್ಯಗಳ ಸಹಿತ ಈ ಭೂಮಿ ನಿಮಗೆ ಸೇರಿದ್ದು ಅಂತ. ಶಾಸನಗಳ ಕಾಲದಿಂದ ಬಂದ ಮಾತು ಇದು. ಹೂತಿಟ್ಟ ನಿಧಿ, ನೆಲದ ನೀರು, ನೆಲದ ಕಲ್ಲು, ಈಗಿನ ಆದಾಯ, ಮುಂದಿನ ಆದಾಯ, ಎಲ್ಲವೂ ಕೊಂಡವನಿಗೆ ಎಂಬ ಅರ್ಥ. (ಪಾಷಾಣ ಅಂದ್ರೆ ಇಲ್ಲಿ ವಿಷ ಅಲ್ಲ, ಕಲ್ಲು.)

ಮೂರು ವರ್ಷದ ಹಿಂದೆ ದೊಡ್ಡಪ್ಪ ಕೊಟ್ಟಿಗೆ ಕೆಡವಿ ಎರಡು ಕೋಣೆ ಕಟ್ಟಿಸಲು ಹೊರಟರು. ಬ್ಯಾಣದಲ್ಲಿ ಒಂದು ಅಡಿ ಮಣ್ಣು ಸರಿಸಿದರೆ ಒಳ್ಳೆಯ ಕೆಂಪುಕಲ್ಲು. ಮಷಿನ್ ತರಿಸಿ ಕಲ್ಲು ಕೊಯ್ಯಲು ಶುರುಮಾಡಿದ ಮೂರನೇ ದಿನ ಯಾರೋ ದೂರು ಕೊಟ್ಟರು, ಜೀಪು ಬಂತು, ಮಷಿನ್ ನಿಂತಿತು. ದೊಡ್ಡಪ್ಪ ಕ್ರಯಪತ್ರ ಹಿಡಿದು ಒಂದು ಕಚೇರಿಗೆ ಮೂರು ಸಲ ಅಲೆದರು. ಯಾರೂ ಕೂತು ವಿವರಿಸಲಿಲ್ಲ, 'ರೂಲ್ಸ್ ಇಲ್ಲ' ಅಂದು ಕಳಿಸಿದರು. ಆಮೇಲೆ ನನಗೆ ಫೋನು: "ತಮಾ, ಇದು ಅಪ್ಪ ದುಡ್ಡು ಕೊಟ್ಟು ತಗಂಡ ಜಾಗ. ಪತ್ರದಲ್ಲಿ ಪಾಷಾಣ ಹೇಳಿ ಬರದ್ದು. ನಮ್ಮ ಕಲ್ಲಿಗೆ ಪರ್ಮಿಶನ್ ಎಂತಕ್ಕೆ?"

ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮಾಡಿಕೊಂಡ ಟಿಪ್ಪಣಿಗಳೇ ಈ ಲೇಖನ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ತುಂಡು ಜಮೀನು ಇರುವ, ಅಥವಾ ಪಕ್ಕದ ಗುಡ್ಡದಲ್ಲಿ ಕ್ವಾರಿ ಏಳುತ್ತಿರುವ ಯಾರಿಗಾದರೂ ಬೇಕಾಗಬಹುದು.

ಸೆಕ್ಷನ್ 70

ನೇರ ಉತ್ತರ: ಕಲ್ಲು ಸರ್ಕಾರದ್ದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ ಗಣಿ ಮತ್ತು ಖನಿಜಗಳ ಹಕ್ಕು ಸಂಪೂರ್ಣವಾಗಿ ರಾಜ್ಯ ಸರ್ಕಾರದಲ್ಲಿ ನಿಹಿತವಾಗಿದೆ. ಸರ್ಕಾರವೇ ಯಾವುದಾದರೂ ಮಂಜೂರಾತಿ ಪತ್ರದಲ್ಲಿ ಸ್ಪಷ್ಟವಾಗಿ ಖನಿಜವನ್ನೂ ಬಿಟ್ಟುಕೊಟ್ಟಿದ್ದರೆ ಮಾತ್ರ ಅದು ಬೇರೆ ಮಾತು. ಪಹಣಿಯಲ್ಲಿ ನಿಮ್ಮ ಹೆಸರಿದೆ, ತೋಟ ನಿಮ್ಮದು, ಮರ ನಿಮ್ಮದು, ಮಾರುವ ಹಕ್ಕು ನಿಮ್ಮದು. ಖನಿಜ ಮಾತ್ರ ಆ ಲೆಕ್ಕಕ್ಕೆ ಸೇರಿಲ್ಲ.

ಹಾಗಾದ್ರೆ 1961ರ ಪತ್ರ? ಅದು 1964ಕ್ಕಿಂತ ಹಿಂದಿನದಲ್ವಾ ಅಂತ ನಾನೂ ಕುಣಿದಾಡಿದ್ದೆ. ಆದರೆ ಉತ್ತರ ಕನ್ನಡದ ಚರಿತ್ರೆ ಬೇರೆ. ಬ್ರಿಟಿಷರು ಕೆನರಾ ಜಿಲ್ಲೆಯನ್ನು ಎರಡು ಮಾಡಿ, 1862ರಲ್ಲಿ ಉತ್ತರ ಭಾಗವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಮುಂಬಯಿಯ 1879ರ ಭೂಕಂದಾಯ ಸಂಹಿತೆಯ 69ನೇ ಸೆಕ್ಷನ್ ಸರ್ಕಾರಿ ಕಂದಾಯಕ್ಕೆ ಒಳಪಟ್ಟ ಜಮೀನಿನ ಖನಿಜದ ಹಕ್ಕನ್ನು ಸರ್ಕಾರಕ್ಕೇ ಕಾದಿರಿಸಿತು. ಅದಾಗಲೇ ಯಾರಿಗಾದರೂ ಇದ್ದ ಹಕ್ಕಿಗೆ ಧಕ್ಕೆ ಇಲ್ಲ ಎಂಬ ಒಂದು ಪರಂತು ಇತ್ತು, ಅಷ್ಟೇ. ಅಂದ್ರೆ ಅಜ್ಜನಿಗೆ ಜಮೀನು ಮಾರಿದವರ ಹತ್ತಿರವೇ ಕಲ್ಲಿನ ಹಕ್ಕು ಇರಲಿಲ್ಲ. ಮಾರುವವನಿಗೇ ಇಲ್ಲದ್ದನ್ನು ಕೊಳ್ಳುವವನಿಗೆ ಬರೆದುಕೊಡೋಕೆ ಆಗಲ್ಲ, ಎಷ್ಟೇ ಸಂಸ್ಕೃತದಲ್ಲಿ ಬರೆದರೂ.

ಇಲ್ಲಿ ಒಂದು ತೀರ್ಪಿನ ಬಗ್ಗೆ ಹೇಳಲೇಬೇಕು, ಯಾಕಂದ್ರೆ ವಾಟ್ಸ್ಆ್ಯಪ್‌ನಲ್ಲಿ ಅದು ತಪ್ಪು ಅರ್ಥದಲ್ಲಿ ಓಡಾಡುತ್ತಿದೆ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತ್ರೇಸ್ಯಮ್ಮ ಜೇಕಬ್ ಪ್ರಕರಣದಲ್ಲಿ, ನೆಲದಡಿಯ ಖನಿಜ ಸಾಮಾನ್ಯವಾಗಿ ನೆಲದ ಒಡೆಯನಿಗೇ ಸೇರಿದ್ದು, ನೆಲದಡಿಯ ಸಂಪತ್ತೆಲ್ಲ ತನ್ನಿಂತಾನೇ ಸರ್ಕಾರದ್ದು ಎನ್ನುವ ಕಾನೂನು ದೇಶದಲ್ಲಿಲ್ಲ ಅಂದಿತು. 'ಕಲ್ಲು ರೈತನದ್ದೇ' ಅಂತ ಫಾರ್ವರ್ಡ್ ಆಗುವುದು ಇದೇ. ಆದರೆ ಆ ಪ್ರಕರಣ ಕೇರಳದ ಮಲಬಾರಿನ ಜನ್ಮಂ ಭೂಮಿಯದು. ಅಲ್ಲಿ ಒಡೆಯರಿಂದ ಖನಿಜವನ್ನು ಕಿತ್ತುಕೊಂಡ ಕಾನೂನು ಇರಲಿಲ್ಲ. ಕಾನೂನುಬದ್ಧವಾಗಿ ಆ ಹಕ್ಕನ್ನು ತೆಗೆದಿದ್ದರೆ ಮಾತ್ರ ಒಡೆಯನಿಗೆ ಇಲ್ಲ ಅಂತಲೂ ಕೋರ್ಟ್ ಹೇಳಿದೆ. ನಮ್ಮಲ್ಲಿ ತೆಗೆದ ಕಾನೂನು ಇದೆ, ಸೆಕ್ಷನ್ 70. ಅದೇ ಚಿರೆಕಲ್ಲು, ಅದೇ ಪಶ್ಚಿಮಘಟ್ಟ. ಮಲಬಾರಿನ ಜನ್ಮಂದಾರನಿಗೆ ಒಂದು ನ್ಯಾಯ, ಸಿದ್ದಾಪುರದ ರೈತನಿಗೆ ಇನ್ನೊಂದು. ಕಾರಣ 1862ರಲ್ಲಿ ಯಾರೋ ನಕಾಶೆಯ ಮೇಲೆ ಎಳೆದ ಗೆರೆ.

ಅದೇ ತೂತು, ಎರಡು ಕಾನೂನು

ನಮ್ಮ ಕಡೆ 'ಡ್ರಿಲ್ಲಿಂಗ್' ಅಂದ್ರೆ ಜನರಿಗೆ ನೆನಪಾಗೋದು ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಬೋರ್‌ವೆಲ್ ಲಾರಿ. ಬನವಾಸಿ ಬದಿಯ ಬಯಲಲ್ಲಿ ಮಾರ್ಚ್ ಬಂತೆಂದರೆ ರಾತ್ರಿಯಿಡೀ ಅದರದ್ದೇ ಸದ್ದು. ಆ ರಿಗ್ ಇಳಿಸುವ ತೂತಿನಿಂದ ನೀರು ಬಂದರೆ ಅದು ನಿಮ್ಮದು. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆ ತನ್ನ ಜಮೀನಿನಡಿಯ ನೀರನ್ನು ತೆಗೆದು ಬಳಸುವ ಹಕ್ಕನ್ನು ಭೂಮಾಲೀಕನಿಗೆ ಕೊಟ್ಟಿದೆ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಇದರ ಮೇಲೆ ನಿಯಂತ್ರಣ ತಂದಿದೆ, ಅಧಿಸೂಚಿತ ಪ್ರದೇಶದಲ್ಲಿ ಅನುಮತಿ ಬೇಕು ಅನ್ನುತ್ತದೆ. ಆದರೆ ಮೂಲ ಹಕ್ಕು ನೆಲದ ಜೊತೆಗೇ ಇದೆ.

ಯೋಚಿಸಿ ನೋಡಿ. ನೀರು ಹರಿಯುತ್ತದೆ. ನಾನು 600 ಅಡಿ ಕೊರೆದರೆ ಪಕ್ಕದ ಮನೆಯ ಬಾವಿ ಬತ್ತಬಹುದು, ಅದು ನನ್ನ ಹಕ್ಕು. ಕಲ್ಲು ಅಲ್ಲೇ ಕೂತಿರುತ್ತದೆ, ಸ್ವಂತ ಮನೆಗೆ ಕೊಯ್ದರೆ ಅಪರಾಧ. ಅಷ್ಟಭೋಗದಲ್ಲಿ ಅಕ್ಕಪಕ್ಕ ಇದ್ದ ಜಲ ಮತ್ತು ಪಾಷಾಣವನ್ನು ಕಾನೂನು ತಲೆಕೆಳಗಾಗಿ ಹಂಚಿದೆ ಅಂತ ನನಗನಿಸೋದು ಇದಕ್ಕೇ. ನಿಯಂತ್ರಣ ಹೆಚ್ಚು ಬೇಕಿದ್ದದ್ದು ನೀರಿಗೆ.

ತೈಲ, ಅನಿಲ ಸಿಕ್ಕಿದ್ದರೆ?

ಟೆಕ್ಸಾಸ್‌ನಲ್ಲಿರುವ ನಮ್ಮ ಕಡೆಯ ಹುಡುಗರು ಊರಿಗೆ ಬಂದಾಗ ಒಂದು ಕಥೆ ಹೇಳುತ್ತಾರೆ. ಅಲ್ಲಿ ನೆಲದ ಮೇಲ್ಮೈ ಒಬ್ಬರದ್ದು, ಅಡಿಯ ಖನಿಜ ಇನ್ನೊಬ್ಬರದ್ದು ಆಗಿರಬಹುದು. ಎರಡನ್ನೂ ಬೇರೆ ಬೇರೆ ಮಾರಬಹುದು. ಖನಿಜದ ಒಡೆಯ ತೈಲ ಕಂಪನಿಗೆ ಲೀಸ್ ಕೊಟ್ಟು, ಬಂದದ್ದರಲ್ಲಿ ಪಾಲು ತಗೋತಾನೆ. ಹಳೆಯ ವಾಡಿಕೆ ಎಂಟನೇ ಒಂದು ಪಾಲು, ಅಂದರೆ ಶೇ. 12.5. ತಮಾಷೆ ಏನಪ್ಪಾ ಅಂದ್ರೆ, ಭಾರತದಲ್ಲೂ 2016ರ ಹೊಸ ಪರವಾನಗಿ ನೀತಿಯಡಿ ನೆಲದ ಮೇಲಿನ ಬಾವಿಗಳ ಕಚ್ಚಾತೈಲಕ್ಕೆ ರಾಜಧನ ಶೇ. 12.5, ಅನಿಲಕ್ಕೆ ಶೇ. 10. ಆದರೆ ಹೋಗೋದು ರಾಜ್ಯದ ಖಜಾನೆಗೆ. ಸಮುದ್ರದ ತಳದ್ದಾದರೆ ಸಂವಿಧಾನದ 297ನೇ ವಿಧಿಯಂತೆ ಕೇಂದ್ರಕ್ಕೆ. ರಾಜಸ್ಥಾನದ ಬಾರ್ಮೇರಿನಲ್ಲಿ 2004ರಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿತು, 2009ರಲ್ಲಿ ಉತ್ಪಾದನೆ ಶುರುವಾಯಿತು. ಬಾವಿ ಬಂದ ಹೊಲದ ರೈತನಿಗೆ ಸಿಕ್ಕಿದ್ದು ಮೇಲಿನ ನೆಲದ ಬೆಲೆ.

ನಮ್ಮ ಮೂರು ತಾಲೂಕಲ್ಲಿ ತೈಲದ ಕನಸು ಬೇಡ. ಇಲ್ಲಿನ ತಳದ ಬಂಡೆ ಧಾರವಾಡ ಶಿಲಾವರ್ಗದ್ದು, 250 ಕೋಟಿ ವರ್ಷಕ್ಕೂ ಹಳೆಯದು. ತೈಲವಾಗಲು ಬೇಕಾದ ಜೀವರಾಶಿ ಹುಟ್ಟುವ ಮೊದಲಿನದು. ಅದರ ಮೇಲಿನ ಕೆಂಪುಕಲ್ಲು, ಬಂಡೆಯು ಮಳೆ ಬಿಸಿಲಿಗೆ ಕಳಿತು ಆದದ್ದು. ಕಾರವಾರದಾಚೆ ಸಮುದ್ರದಡಿಯಲ್ಲಿ ಕೇರಳ–ಕೊಂಕಣ ಬೇಸಿನ್ ಇದೆ, ಇಂದಿಗೂ ವಾಣಿಜ್ಯ ಉತ್ಪಾದನೆ ಇಲ್ಲ.

ಆದರೂ ತೈಲ, ಅನಿಲ ಕನ್ನಡದ ರೈತರ ಜಮೀನಿಗೆ ಬೇರೆ ದಾರಿಯಲ್ಲಿ ಬಂದಿದೆ. ನಮ್ಮ ಬಂಡೆಯಲ್ಲಿ ತೈಲ ಹುಟ್ಟಲ್ಲ, ತುಂಬಿಸಿಡಬಹುದು. ಮಂಗಳೂರಿನ ಹತ್ತಿರ 15 ಲಕ್ಷ ಟನ್, ಉಡುಪಿಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳನ್ನು ಗಟ್ಟಿ ಬಂಡೆಯೊಳಗೆ ಕೊರೆದಿದ್ದಾರೆ, ದೇಶದ ಆಪತ್ಕಾಲದ ದಾಸ್ತಾನಿಗೆ. ಇನ್ನೊಂದು, ಪೈಪ್‌ಲೈನ್. ದಾಭೋಲ್–ಬೆಂಗಳೂರು ಅನಿಲ ಕೊಳವೆ ಬೆಳಗಾವಿ, ಧಾರವಾಡ, ಹಾವೇರಿಯ ಹೊಲಗಳಡಿ ಹೋಗಿದೆ. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆ ಕಾಸರಗೋಡಿನ ಮೂಲಕ ಬಂದಿದೆ. 1962ರ ಪೆಟ್ರೋಲಿಯಂ ಪೈಪ್‌ಲೈನ್ ಕಾಯ್ದೆಯಲ್ಲಿ ಜಮೀನು ಕೊಳ್ಳುವುದಿಲ್ಲ, 'ಬಳಕೆಯ ಹಕ್ಕು' ಮಾತ್ರ ತಗೋತಾರೆ. ಪಹಣಿ ನಿಮ್ಮ ಹೆಸರಲ್ಲೇ. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆ, ಮರಗಳ ನಷ್ಟಕ್ಕೆ ಪರಿಹಾರ ಕೊಟ್ಟು, ಬಳಕೆಯ ಹಕ್ಕಿಗೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ. 10 ಕೊಡುತ್ತಾರೆ. ಜೋಳದ ಹೊಲಕ್ಕೆ ಇದು ಹೇಗೋ ನಡೆದೀತು. ಅಡಿಕೆ ತೋಟದ ಮಧ್ಯೆ ಮರ ನೆಡಬಾರದ ಪಟ್ಟಿ ಅಂದ್ರೆ ತೋಟವೇ ಎರಡು ತುಂಡು.

ತಮಿಳುನಾಡಿನ ಒಂದು ಉದಾಹರಣೆ ಬೇರೆ ಕಾರಣಕ್ಕೆ ಮುಖ್ಯ. ಪುದುಕೋಟೆ ಜಿಲ್ಲೆಯ ನೆಡುವಾಸಲ್‌ನಲ್ಲಿ ಹೈಡ್ರೋಕಾರ್ಬನ್ ಯೋಜನೆ ಬಂದಾಗ 2017ರಲ್ಲಿ ಹಳ್ಳಿಯವರು ತಿಂಗಳುಗಟ್ಟಲೆ ಕೂತರು. ಖನಿಜದ ಹಕ್ಕು ಅವರಿಗೂ ಇರಲಿಲ್ಲ. ಆದರೆ ನೆಲದ ಮೇಲಿನ ಗಣಿಗುತ್ತಿಗೆಗೆ ರಾಜ್ಯದ ಸಹಿ ಬೇಕು, ರಾಜ್ಯ ವೋಟಿಗೆ ಹೆದರುತ್ತದೆ. 2020ರ ಫೆಬ್ರವರಿಯಲ್ಲಿ ತಮಿಳುನಾಡು ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯ ಮಾಡಿ, ಹೊಸ ತೈಲ–ಅನಿಲ ಕೊರೆತ ನಿಷೇಧಿಸುವ ಕಾನೂನು ತಂದಿತು. ಒಡೆತನ ಇಲ್ಲದಿದ್ದರೂ ಮಾತು ನಡೆಯಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಬೆಟ್ಟ, ಅತಿಕ್ರಮಣ, ಮತ್ತು ಏನೂ ಇಲ್ಲದವರು

ದೊಡ್ಡಪ್ಪನದು ಮಾಲ್ಕಿ ಜಮೀನು. ಕಷ್ಟಪಟ್ಟರೆ ಉಪಖನಿಜ ನಿಯಮದಡಿ ಗುತ್ತಿಗೆಗೆ ಅರ್ಜಿ ಹಾಕಬಹುದು. ನಮ್ಮ ಮೂರು ತಾಲೂಕಿನ ಬಹುಪಾಲು ನೆಲ ಆ ಬಗೆಯದಲ್ಲ.

ಅಡಿಕೆ ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟವನ್ನೇ ತಗೊಳ್ಳಿ. ಮುಂಬಯಿ ಕಾಲದಿಂದ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಇದೆ. 1964ರ ಕಾಯ್ದೆಯ 79ನೇ ಸೆಕ್ಷನ್ ಅದನ್ನು ಮುಂದುವರಿಸಿತು. ಸೊಪ್ಪು, ದರಕು, ಒಣಕಟ್ಟಿಗೆ ತರಬಹುದು, ಅಷ್ಟೇ. ಅಲ್ಲಿನ ಕಲ್ಲು ಮುಟ್ಟಿದರೆ ಅರಣ್ಯ ಅಪರಾಧ. 1927ರ ಭಾರತೀಯ ಅರಣ್ಯ ಕಾಯ್ದೆಯ 'ಅರಣ್ಯ ಉತ್ಪನ್ನ' ಪಟ್ಟಿಯನ್ನು ಒಮ್ಮೆ ಓದಿ: ಮೇಲ್ಮಣ್ಣು, ಬಂಡೆ, ಸುಣ್ಣಕಲ್ಲು, ಕೆಂಪುಕಲ್ಲು, ಕೊನೆಗೆ ಖನಿಜ ತೈಲ ಕೂಡ ಇದೆ. ಜೇನು ಮತ್ತು ಪೆಟ್ರೋಲು ಒಂದೇ ಪಟ್ಟಿಯಲ್ಲಿ! ನಮ್ಮ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಅದೇ ದಾರಿಯದು.

ಇನ್ನು ಅತಿಕ್ರಮಣದಾರರು ಅಂತ ಕರೆಸಿಕೊಳ್ಳುವ ಸಾವಿರಾರು ಕುಟುಂಬಗಳು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ತೋರಿಸಿ ಹಕ್ಕುಪತ್ರ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆ ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನ ಅಂದರೆ ಸಸ್ಯಮೂಲದ್ದು ಮಾತ್ರ, ಕಲ್ಲಿಲ್ಲ. ಯಲ್ಲಾಪುರದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಬುಡಕಟ್ಟು ಪ್ರದೇಶಗಳ ಪಂಚಾಯ್ತಿಗಳಿಗಾಗಿ 1996ರಲ್ಲಿ ಬಂದ 'ಪೆಸಾ' ಕಾಯ್ದೆ ಉಪಖನಿಜದ ಗುತ್ತಿಗೆಗೆ ಗ್ರಾಮಸಭೆ ಅಥವಾ ಪಂಚಾಯ್ತಿಯ ಶಿಫಾರಸು ಕಡ್ಡಾಯ ಮಾಡಿದೆ. ಆದರೆ ಅದು ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ, ಕರ್ನಾಟಕದಲ್ಲಿ ಅಂಥ ಪ್ರದೇಶವೇ ಘೋಷಣೆಯಾಗಿಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿಗಾರಿಕೆ ಬೇಡವೆಂದವು, ಗಣಿ ನಿಂತಿತು. ಅಂಥದ್ದೇ ಬಲ ನಮ್ಮ ಸಿದ್ದಿ ವಾಡೆಗಳಿಗೆ ಕಾಗದದ ಮೇಲೂ ಅರ್ಧ ಮಾತ್ರ ಇದೆ.

ಒಡೆಯ ಯಾರು, ಕಾಯುವವರು ಯಾರು

'ಸರ್ಕಾರದ್ದು' ಅಂದರೆ 'ಎಲ್ಲರದ್ದು' ಅಂತ ಶಾಲೆಯಲ್ಲಿ ಓದಿದ್ದೇವೆ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಪಕ್ಕ ಬೆಳೆದ ಯಲ್ಲಾಪುರದ ನನ್ನ ವಯಸ್ಸಿನವರು ಇದನ್ನು ನಂಬೋದು ಕಷ್ಟ. ಅವರು ಹೈಸ್ಕೂಲಿನಲ್ಲಿದ್ದಾಗ ಅರಬೈಲು ಘಟ್ಟದಲ್ಲಿ ಬಳ್ಳಾರಿಯ ಅದಿರು ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದವು, ರಸ್ತೆಬದಿಯ ಎಲೆಗಳೆಲ್ಲ ಕೆಂಪು. ಲಾರಿಗಳು ಹೋಗುತ್ತಿದ್ದದ್ದು ಬೇಲೇಕೇರಿ ಬಂದರಿಗೆ. 2010ರಲ್ಲಿ ಅಲ್ಲಿ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಜಪ್ತಿಯಲ್ಲಿದ್ದಾಗಲೇ ಮಾಯವಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬಂತು. 2024ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಕಾರವಾರದ ಶಾಸಕ ಸತೀಶ್ ಸೈಲ್ ಸೇರಿ ಹಲವರನ್ನು ದೋಷಿಗಳೆಂದಿತು, ಮರುತಿಂಗಳು ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಹಾಗಂತ ಖನಿಜವನ್ನು ಪೂರ್ತಿ ಖಾಸಗಿಗೆ ಬಿಡಿ ಅಂತ ನಾನು ಹೇಳಲ್ಲ. ಬಿಟ್ಟರೆ ನಮ್ಮ ಬ್ಯಾಣಗಳಿಗೆಲ್ಲ ಒಂದೇ ವರ್ಷದಲ್ಲಿ ಮಷಿನ್ ಬರುತ್ತದೆ. ನನ್ನ ತಕರಾರು ಅಳತೆಯ ಬಗ್ಗೆ. ಸ್ವಂತ ಮನೆಗೆ ಎರಡು ಸಾವಿರ ಕಲ್ಲು ಕೊಯ್ಯುವವನಿಗೂ, ಹತ್ತು ಎಕರೆ ಕ್ವಾರಿಯವನಿಗೂ ಹೆಚ್ಚುಕಡಿಮೆ ಅದೇ ಅರ್ಜಿ, ಅದೇ ಅಲೆದಾಟ. ಅಲೆಯಲು ಏಜೆಂಟ್ ಇಟ್ಟುಕೊಳ್ಳುವ ತಾಕತ್ತು ಯಾರಿಗಿದೆ ಅನ್ನೋದು ಗೊತ್ತಿರೋದೇ.

ದುಡ್ಡಿನ ಕಡೆಯೂ ಹೊಸ ಬೆಳವಣಿಗೆ ಇದೆ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನ ಅನ್ನೋದು ತೆರಿಗೆಯಲ್ಲ, ಖನಿಜದ ಹಕ್ಕಿನ ಮೇಲೆ ರಾಜ್ಯಗಳು ಪ್ರತ್ಯೇಕ ತೆರಿಗೆ ಹಾಕಬಹುದು ಅಂತ 8:1ರ ಬಹುಮತದಲ್ಲಿ ಹೇಳಿತು. ಭಿನ್ನ ತೀರ್ಪು ಕೊಟ್ಟವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅದೇ ಡಿಸೆಂಬರ್‌ನಲ್ಲಿ ನಮ್ಮ ವಿಧಾನಮಂಡಲ ಇಂಥ ತೆರಿಗೆಯ ವಿಧೇಯಕ ಅಂಗೀಕರಿಸಿತು. ಮೇಲಿನ ನೆಲದವನ ಪಾಲಿನ ಮಾತು ಈ ಚರ್ಚೆಯಲ್ಲಿ ಎಲ್ಲೂ ಬರಲಿಲ್ಲ.

ಇದೆಲ್ಲದರ ಮೇಲೆ ಕಸ್ತೂರಿರಂಗನ್ ವರದಿ. 2024ರ ಜುಲೈ 31ರ ಆರನೇ ಕರಡು ಅಧಿಸೂಚನೆ ಕರ್ನಾಟಕದ 20,668 ಚದರ ಕಿ.ಮೀ.ಯನ್ನು ಪರಿಸರ ಸೂಕ್ಷ್ಮ ಪ್ರದೇಶ ಅನ್ನುತ್ತದೆ. ನಮ್ಮ ತಾಲೂಕುಗಳ ಊರುಗಳೂ ಪಟ್ಟಿಯಲ್ಲಿವೆ. ಅಲ್ಲಿ ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆಗೆ ನಿಷೇಧ. ಕೃಷಿಗಲ್ಲ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನೇ ತಿರಸ್ಕರಿಸಿತು. 'ಮನೆ ಕಟ್ಟಲೂ ಕಲ್ಲು ಸಿಗಲ್ಲ' ಅಂತ ಊರಲ್ಲಿ ಭಾಷಣ ಮಾಡಿದವರು ಒಂದು ಮಾತು ನುಂಗಿಕೊಂಡರು: ಈಗಲೂ ಆ ಕಲ್ಲು ನಿಮ್ಮದಲ್ಲ.

ಪಕ್ಕದ ಗುಡ್ಡದಲ್ಲಿ ಏನಾಗ್ತಿದೆ ಅಂತ ತಿಳಿಯೋದು ಹೇಗೆ?

ಮೊದಲು ಸರ್ವೆ ನಂಬರ್ ಹಿಡಿಯಿರಿ. 'ಭೂಮಿ' ಪೋರ್ಟಲಿನಲ್ಲಿ ಪಹಣಿ ನೋಡಿ ಅದು ಮಾಲ್ಕಿಯೋ, ಸರ್ಕಾರಿಯೋ, ಅರಣ್ಯವೋ ಖಚಿತ ಮಾಡಿಕೊಳ್ಳಿ. ಇಡೀ ಹೋರಾಟ ಈ ಒಂದು ಕಾಲಮ್ಮಿನ ಮೇಲೆ ನಿಲ್ಲುತ್ತದೆ. ಮಾಲ್ಕಿ ಜಮೀನಾದರೆ ಕಟ್ಟಡ ಕಲ್ಲಿನ ಗುತ್ತಿಗೆಗೆ ಜಮೀನುದಾರರ ಒಪ್ಪಿಗೆ ಬೇಕು. ಮುಗ್ಧರಿಂದ ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಜಾಗ ಇದೇ, ಮನೆಯ ಹಿರಿಯರಿಗೆ ಹೇಳಿಡಿ. ಗಣಿ ಮತ್ತು ಭೂವಿಜ್ಞಾನ ಇಲಾಖೆ ಕಟ್ಟಡ ಕಲ್ಲನ್ನು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮದಡಿ ನೋಡುತ್ತದೆ. ಲಾರಿಯಲ್ಲಿ ಕಲ್ಲು ಹೊರಟರೆ ಎಂ.ಡಿ.ಪಿ., ಅಂದರೆ ಸಾಗಣೆ ಪರವಾನಗಿ ಇರಲೇಬೇಕು.

ಪರಿಸರ ಅನುಮತಿಯ ಅರ್ಜಿಗಳು ಕೇಂದ್ರದ 'ಪರಿವೇಶ್' ಪೋರ್ಟಲಿನಲ್ಲಿ ಇರುತ್ತವೆ. ಜಿಲ್ಲೆ, ತಾಲೂಕು ಹಾಕಿ ಹುಡುಕಿ. ಸಾರ್ವಜನಿಕ ಅಹವಾಲು ಸಭೆ ಇದ್ದರೆ 30 ದಿನ ಮೊದಲೇ ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಆದರೆ 5 ಹೆಕ್ಟೇರಿನೊಳಗಿನ ಒಂಟಿ ಕ್ವಾರಿಗೆ ಸಾಮಾನ್ಯವಾಗಿ ಸಭೆಯೇ ಇಲ್ಲ. 2020ರ ಜನವರಿಯಿಂದ ತೈಲ–ಅನಿಲದ ಪರಿಶೋಧನಾ ಕೊರೆತಕ್ಕೂ ಇಲ್ಲ. ಹಾಗಾಗಿ ಪೇಪರಿನಲ್ಲಿ ಬರಲಿ ಅಂತ ಕಾಯಬೇಡಿ, ತಿಂಗಳಿಗೊಮ್ಮೆ ಪೋರ್ಟಲ್ ನೋಡಿ. ಅನುಮತಿ ಸಿಕ್ಕಿಬಿಟ್ಟಿದ್ದರೆ 30 ದಿನದೊಳಗೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಹೋಗಬೇಕು. ಸಕಾರಣ ಇದ್ದರೆ ಇನ್ನೂ 60 ದಿನ ಸಿಗಬಹುದು. ಊರಲ್ಲಿ ಬಹುತೇಕರು ಈ ಗಡುವು ಮುಗಿದ ಮೇಲೇ ವಕೀಲರ ಹತ್ತಿರ ಹೋಗೋದು.

ಅಕ್ರಮವಾಗಿ ತೆಗೆಯುತ್ತಿದ್ದರೆ 1957ರ ಗಣಿ ಮತ್ತು ಖನಿಜ ಕಾಯ್ದೆಯ 21ನೇ ಸೆಕ್ಷನ್ ನೆನಪಿರಲಿ: ಐದು ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷದವರೆಗೆ ದಂಡ, ವಾಹನ ಜಪ್ತಿ. ಆದರೆ ಈ ಕಾಯ್ದೆಯಡಿ ಕೋರ್ಟ್ ಕೇಸು ಎತ್ತಿಕೊಳ್ಳಬೇಕಾದರೆ ಅಧಿಕೃತ ಅಧಿಕಾರಿಯೇ ಲಿಖಿತ ದೂರು ಕೊಡಬೇಕು. ನಿಮ್ಮ ದೂರು ಆ ಅಧಿಕಾರಿಗೆ ಹೋಗಬೇಕು, ಸ್ವೀಕೃತಿ ಇರಬೇಕು. ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ಗುತ್ತಿಗೆಯ ನಕಾಶೆ, ವಿತರಿಸಿದ ಎಂ.ಡಿ.ಪಿ.ಗಳ ಸಂಖ್ಯೆ, ಕಟ್ಟಿದ ರಾಜಧನ ಈ ಮೂರನ್ನೇ ಕೇಳಿ. ಮೂರನ್ನೂ ಹೋಲಿಸಿದರೆ ಅರ್ಧ ಕಥೆ ತಾನಾಗಿ ಹೊರಬರುತ್ತದೆ. ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಯಾವ ಊರಿಗೆ ಹೋಯಿತು ಅಂತ ಇನ್ನೊಂದು ಅರ್ಜಿ ಹಾಕಿ. 2015ರ ತಿದ್ದುಪಡಿಯಲ್ಲಿ ಬಂದ ಆ ನಿಧಿ ಇರೋದೇ ಗಣಿಯಿಂದ ಬಾಧಿತರಾದವರಿಗೆ.

ದೊಡ್ಡಪ್ಪ ಕೊನೆಗೆ ಲೈಸೆನ್ಸ್ ಇದ್ದ ಕ್ವಾರಿಯಿಂದಲೇ ಕಲ್ಲು ತರಿಸಿದರು. ಬಾಡಿಗೆ ಸೇರಿ ಲೆಕ್ಕ ಹಾಕಿ ಒಂದು ಕೋಣೆ ಕಡಿಮೆ ಮಾಡಿದರು. ಬ್ಯಾಣದಲ್ಲಿ ಅರ್ಧ ಕೊಯ್ದ ಗುಂಡಿಯಲ್ಲಿ ಈಗ ಮಳೆಗಾಲದ ನೀರು ನಿಲ್ಲುತ್ತದೆ, ಕೆಳಗಿನ ಬಾವಿಗೆ ಒಳ್ಳೆಯದಾಗಿದೆ ಅನ್ನುತ್ತಾರೆ. ಕಳೆದ ತಿಂಗಳು ಮನೆಯಲ್ಲಿ ಹಿಸ್ಸೆ ಆಯಿತು. ಪತ್ರ ಬರೆಯುವವರು ಕಂಪ್ಯೂಟರಿನಿಂದ ತೆಗೆದುಕೊಟ್ಟ ಪ್ರತಿಯ ಮೂರನೇ ಪುಟದಲ್ಲಿ, ಹಳೆಯದರಿಂದ ಹಾಗೇ ಇಳಿಸಿದ ಆ ಸಾಲು ಮತ್ತೆ ಇತ್ತು: ನಿಧಿ, ನಿಕ್ಷೇಪ, ಜಲ, ಪಾಷಾಣ. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿ ಸಹಿ ಹಾಕಿದರು.